‘ಏನೇನು ಬೇಡ ಹೇಳಿ’ ಅಂತ ಕೇಳಿದೋರು: ಯಾಟ್‌ನಲ್ಲಿ ಹೋಗಿ ಸ್ಟಾಕ್‌ಹೋಮ್ ನೋಡಿದ್ದು

ಮೊದ್ಲೇ ಹೇಳ್ಬಿಡ್ತೀನಿ, ಇದು ನಾವು ದುಡ್ಡು ಹಾಕಿ ಮಾಡಿದ ಟ್ರಿಪ್ ಅಲ್ಲ. ನಮ್ಮ ಮೈದುನ ದುಬೈನಲ್ಲಿ ಬಿಸಿನೆಸ್ ಮಾಡ್ಕೊಂಡಿದಾರೆ, ಅತ್ತೆಗೆ 75 ತುಂಬೋದಿತ್ತು, ಅಮ್ಮನ್ನ ಎಲ್ಲಾದ್ರೂ ಕರ್ಕೊಂಡು ಹೋಗ್ಬೇಕು ಆದ್ರೆ ಜನಜಂಗುಳಿ ಇರಬಾರ್ದು, ಓಡಾಟ ಜಾಸ್ತಿ ಇರಬಾರ್ದು, ಪೆಟ್ಟಿಗೆ ಕಟ್ಟೋದು ಬಿಚ್ಚೋದು ಇರಬಾರ್ದು ಅಂತ ಯೋಚಿಸಿ ಯೋಚಿಸಿ ಕೊನೆಗೆ ಆಗಸ್ಟ್ ಮೊದಲ ವಾರ ಫಿನ್‌ಲ್ಯಾಂಡಿನ ಹೆಲ್ಸಿಂಕಿಯಿಂದ ಸ್ವೀಡನ್ನಿನ ಸ್ಟಾಕ್‌ಹೋಮ್‌ಗೆ ಒಂದು ಯಾಟ್, ಅಂದ್ರೆ ಮಲಗೋಕೆ ಕ್ಯಾಬಿನ್ ಇರೋ ಖಾಸಗಿ ಹಡಗು, ಬಾಡಿಗೆಗೆ ಹಿಡಿದ್ರು. ನಾಲ್ಕು ಕ್ಯಾಬಿನ್, ನಾವು ಏಳು ಜನ. ಇಲ್ಲಿ ಆಶ್ಲೇಷಾ ಮಳೆ ಹೊಡೀತಾ ಇತ್ತು, ಕರೆಂಟ್ ಹೋಗಿ ನಾಲ್ಕು ದಿನ ಆಗಿತ್ತು, ತೋಟದಲ್ಲಿ ಹೇಗೂ ದೊಡ್ಡ ಕೆಲಸ ಇಲ್ಲ, ಹೋಂಸ್ಟೇಗೆ ಗೆಸ್ಟೂ ಕಮ್ಮಿ, ತೋಟದ ಲೆಕ್ಕ ನೋಡೋ ರೈಟರ್‌ಗೆ ಬೀಗದ ಕೈ ಕೊಟ್ಟು ಹೊರಟ್ವಿ.

ನಾನು ಬರೀತಾ ಇರೋದು ಯಾಟ್ ಬಗ್ಗೆ ಅಲ್ಲ. ಸ್ಟಾಕ್‌ಹೋಮಲ್ಲಿ ನಾವಿದ್ದ ದಿನಗಳಲ್ಲಿ ದಡದ ಮೇಲಿನ ಏರ್ಪಾಡೆಲ್ಲ, ಅಂದ್ರೆ ಕಾರು, ಗೈಡು, ಊಟ, ಎಲ್ಲಿ ಎಷ್ಟೊತ್ತಿಗೆ ಹೋಗೋದು ಅನ್ನೋದೆಲ್ಲ, ಅಲ್ಲಿನ ಒಂದು ಸಣ್ಣ ಸರ್ವಿಸ್‌ನೋರು ನೋಡ್ಕೊಂಡ್ರು, ಅದರ ಬಗ್ಗೆ. ನಾವೂ ಚಿಕ್ಕಮಗಳೂರಿನ ಆಲ್ದೂರು ಕಡೆ ನಾಲ್ಕು ರೂಮಿನ ಹೋಂಸ್ಟೇ ನಡೆಸ್ತೀವಿ, ಹಾಗಾಗಿ ಇನ್ನೊಬ್ಬರು ಗೆಸ್ಟನ್ನ ಹೇಗೆ ನೋಡ್ಕೋತಾರೆ ಅನ್ನೋದರ ಮೇಲೇ ನನ್ನ ಕಣ್ಣು. ಅವರ ಹೆಸರು ಹಾಕ್ತಾ ಇಲ್ಲ, ಯಾಕಂದ್ರೆ ಒಂದು ತಪ್ಪೂ ಆಯ್ತು, ಅದನ್ನೂ ಬರೀತೀನಿ, ತಪ್ಪು ಬರೆದು ಹೆಸರು ಹಾಕೋದು ನನಗೆ ಸರಿ ಅನ್ನಿಸಲ್ಲ.

ಹೋಗೋಕೆ ಒಂದು ತಿಂಗಳು ಮುಂಚೆ ಮೈದುನಂಗೆ ಒಂದು ಫಾರಂ ಕಳಿಸಿದ್ರು, ಅವರು ಅದನ್ನ ನಮಗೆ ವಾಟ್ಸಾಪ್ ಮಾಡಿದ್ರು. ಸಾಮಾನ್ಯವಾಗಿ ಇಂಥ ಕಡೆ ಏನು ಕೇಳ್ತಾರೆ, ಏನು ಇಷ್ಟ, ಯಾವ ಹೂವು, ಯಾವ ವೈನು, ಸ್ಪೆಷಲ್ ಅಕೇಷನ್ ಏನಾದ್ರೂ ಇದೆಯಾ. ಇವರು ಮೊದಲನೇ ಪುಟದಲ್ಲೇ ಕೇಳಿದ್ದು ‘ನಿಮ್ಮಲ್ಲಿ ಒಬ್ಬೊಬ್ಬರಿಗೂ ಏನೇನು ಬೇಡ’ ಅಂತ. ಅದನ್ನ ಓದಿದ ತಕ್ಷಣ ನನಗೆ ಅತ್ತೆಯ 70ನೇ ಹುಟ್ಟುಹಬ್ಬ ನೆನಪಾಯ್ತು. ಆಗ ಬೇರೆ ಒಂದು ದೇಶದಲ್ಲಿ ದೊಡ್ಡ ಹೋಟೆಲಲ್ಲಿ ಇದ್ವಿ, ಊಟಕ್ಕೆ ಕೂತಿದ್ದಾಗ ಇದ್ದಕ್ಕಿದ್ದಂಗೆ ಲೈಟ್ ಆರಿಸಿ ಹತ್ತು ಹದಿನೈದು ಜನ ಚಪ್ಪಾಳೆ ತಟ್ಕೊಂಡು ಹಾಡ್ಕೊಂಡು ಕೇಕ್ ತಂದು ಅತ್ತೆ ಮುಂದೆ ಇಟ್ರು, ಸುತ್ತ ಮುತ್ತ ಟೇಬಲ್‌ನೋರೆಲ್ಲ ಫೋನ್ ಎತ್ತಿ ವಿಡಿಯೋ ಮಾಡ್ತಾ ಇದ್ರು. ಅತ್ತೆ ಸೆರಗು ಹೊದ್ಕೊಂಡು ತಲೆ ಬಗ್ಗಿಸಿ ಕೂತವರು ಊಟ ಮುಗಿಸ್ಲೇ ಇಲ್ಲ. ಆ ಹೋಟೆಲ್‌ನೋರು ಒಳ್ಳೇ ಮನಸ್ಸಿಂದಾನೇ ಮಾಡಿದ್ದು, ಆದ್ರೆ ಯಾರೂ ಕೇಳಿರ್ಲಿಲ್ಲ ಅಷ್ಟೇ.

ಈ ಸಲ ಅತ್ತೆ ಹತ್ರ ಕೂತು ನಾನೇ ಬರ್ಕೊಂಡೆ. ಕೇಕ್ ಬೇಡ. ಹಾಡು ಬೇಡ. ಹೆಸರು ಬರೆದ ಬೋರ್ಡ್ ಹಿಡ್ಕೊಂಡು ನಿಲ್ಲೋದು ಬೇಡ. ಫೋಟೋ ತೆಗೆಯೋದು ಬೇಡ. ಒಂದು ಮಹಡಿಗಿಂತ ಜಾಸ್ತಿ ಮೆಟ್ಟಿಲು ಬೇಡ. ಗುರುವಾರ ರಾಯರ ವಾರ, ಮಾಂಸ ಮೀನು ಮೊಟ್ಟೆ ಯಾವುದೂ ಬೇಡ. ಅಂಗಡಿಯಲ್ಲಿ ಹಿಂದೆ ಹಿಂದೆ ಬರೋದು ಬೇಡ. ನಮ್ಮನೆಯವರು ‘ಸರ್ ಸರ್ ಅನ್ನೋದು ಬೇಡ’ ಅಂತ ಸೇರಿಸಿದ್ರು. ಮಗಳು ‘ಯಾರೂ ನನ್ನ ಕಾಲೇಜ್ ಬಗ್ಗೆ ಕೇಳೋದು ಬೇಡ’ ಅಂತ. ಕಳಿಸಿ ಎರಡು ದಿನಕ್ಕೆ ಉತ್ತರ ಬಂತು, ಎಲ್ಲ ಓದಿದೀವಿ, ಧನ್ಯವಾದ, ಅಂತ ಎರಡೇ ಸಾಲು.

ಸಮುದ್ರದ ಕಡೆಯಿಂದ ಸ್ಟಾಕ್‌ಹೋಮ್‌ಗೆ ಹೋಗೋದಿದೆಯಲ್ಲ, ಅದೇ ಒಂದು ಅನುಭವ. ವಿಮಾನದಲ್ಲಿ ಹೋಗಿ ಇಳಿದೋರಿಗೆ ಇದು ಸಿಗಲ್ಲ. ಆ ಊರ ಮುಂದೆ ಸುಮಾರು 30,000 ದ್ವೀಪ ಇದಾವೆ, ಕೆಲವು ನಮ್ಮ ಕಣದಷ್ಟೂ ದೊಡ್ಡದಿಲ್ಲ, ಬರೀ ಒಂದು ಬಂಡೆ ಅದರ ಮೇಲೆ ಎರಡು ಪೈನ್ ಮರ. ಬೆಳಗ್ಗೆ ಶುರು ಮಾಡಿದ್ರೆ ಗಂಟೆಗಟ್ಟಲೆ ಆ ದ್ವೀಪಗಳ ಸಂದಿಯಲ್ಲೇ ನಿಧಾನಕ್ಕೆ ಹೋಗ್ತಾ ಇರ್ತೀವಿ, ಅಲೆ ಇಲ್ಲ, ಉಬ್ಬರ ಇಳಿತ ಅನ್ನೋದು ಆ ಸಮುದ್ರಕ್ಕೆ ಇಲ್ವೇ ಇಲ್ಲ ಅನ್ನೋಷ್ಟು ಕಮ್ಮಿ, ಕೆರೆ ಮೇಲೆ ಹೋದಂಗೆ. ದಡದಲ್ಲಿ ಕೆಂಪು ಮರದ ಮನೆಗಳು, ಬಿಳೀ ಕಿಟಕಿ. ಆ ಕೆಂಪು ನೋಡಿದ ತಕ್ಷಣ ಅತ್ತೆ ‘ಇದು ಕಾವಿ ಅಲ್ವೇನೇ’ ಅಂದ್ರು, ನಿಜವಾಗ್ಲೂ ಕಾವಿ ಮಣ್ಣಿನ ಥರದ್ದೇ ಅದು, ಫಾಲುನ್ ಅನ್ನೋ ಊರಿನ ತಾಮ್ರದ ಗಣಿಯ ಮಣ್ಣಿಂದ ಮಾಡೋ ಬಣ್ಣ, ಮರ ಹುಳು ಹಿಡೀದಂಗೆ ತಲೆಮಾರುಗಳಿಂದ ಬಳೀತಾ ಬಂದಿದಾರಂತೆ. ನಮ್ಮ ಹಳೇ ಮನೆ ಜಗುಲಿ ಕಂಬ ನೋಡಿದಂಗಾಯ್ತು ನನಗೆ. ವಾಕ್ಸ್‌ಹೋಮ್ ಕೋಟೆ ದಾಟಿದ ಮೇಲೆ ನಿಧಾನಕ್ಕೆ ಊರು ಕಾಣಿಸುತ್ತೆ, ಎತ್ತರದ ಕಟ್ಟಡ ಯಾವುದೂ ಮುಂದೆ ಬಂದು ನಿಲ್ಲಲ್ಲ, ಚರ್ಚಿನ ಗೋಪುರಗಳು ಅಷ್ಟೇ.

ವಾಸಾಹಾಮ್ನೆನ್ ಅನ್ನೋ ಗೆಸ್ಟ್ ಹಾರ್ಬರ್‌ನಲ್ಲಿ ಯಾಟ್ ಕಟ್ಟಿದ್ವಿ, ಯೂರ್ಗೋರ್ಡೆನ್ ದ್ವೀಪದಲ್ಲಿ, ಊರಿನ ನಟ್ಟನಡುವೆ. ನಾನು ಅಂದ್ಕೊಂಡಿದ್ದು ದಡದಲ್ಲಿ ಕೋಟು ಹಾಕ್ಕೊಂಡು ಸಾಲಾಗಿ ನಾಲ್ಕು ಜನ ನಿಂತಿರ್ತಾರೆ ಅಂತ. ಒಬ್ಬರೇ ಹೆಂಗಸು, ಐವತ್ತರ ಆಸುಪಾಸು, ರೇನ್‌ಕೋಟ್ ಹಾಕ್ಕೊಂಡು ಬೆಂಚಿನ ಮೇಲೆ ಕೂತಿದ್ರು, ನಾವು ಇಳಿದ ಮೇಲೆ ಎದ್ದು ಬಂದು ಅತ್ತೆಗೆ ಮೊದಲು ಕೈ ಜೋಡಿಸಿ ನಮಸ್ಕಾರ ಮಾಡಿದ್ರು, ಯಾರೋ ಹೇಳಿಕೊಟ್ಟಿರ್ಬೇಕು, ಆಮೇಲೆ ನಮ್ಮ ಹಿಂದೆ ಎರಡು ಹೆಜ್ಜೆ ಬಿಟ್ಟು ನಡೆದ್ರು. ನಾಲ್ಕು ದಿನಾನೂ ಹಾಗೇ. ಕೇಳಿದ್ರೆ ಹೇಳೋರು, ಕೇಳದೆ ಇದ್ರೆ ಸುಮ್ಮನೆ ಇರೋರು. ಗೈಡ್ ಅಂದ್ರೆ ಬಾಯಿ ಮುಚ್ಚದೆ ಮಾತಾಡೋರು ಅಂತ ನಂಬಿದ್ದ ನಮ್ಮನೆಯವರೇ ಎರಡನೇ ದಿನ ಸಂಜೆ ಅವರ ಪಕ್ಕ ಹೋಗಿ ಕೂತು ಪ್ರಶ್ನೆ ಕೇಳೋಕೆ ಶುರು ಮಾಡಿದ್ರು.

ಕಾರು ಕೂಡಾ ಉದ್ದದ ಕಪ್ಪು ಗಾಡಿ ಅಲ್ಲ, ಬೂದು ಬಣ್ಣದ ವೋಲ್ವೊ ಒಂದು, ವ್ಯಾನ್ ಒಂದು. ಅಲ್ಲಿ ಟ್ಯಾಕ್ಸಿ ದರಕ್ಕೆ ಸರ್ಕಾರದ ಕಟ್ಟುಪಾಡಿಲ್ಲ, 1990ರಿಂದ ಅವರವರು ಇಟ್ಟಿದ್ದೇ ರೇಟು, ಹಾಗಾಗಿ ಬೀದೀಲಿ ಹತ್ತೋ ಮುಂಚೆ ಕಿಟಕಿ ಮೇಲೆ ಅಂಟಿಸಿರೋ ಹಳದಿ ಚೀಟಿ ನೋಡ್ಬೇಕು ಅಂತ ಮಗಳಿಗೆ ಹೇಳಿಕೊಟ್ರು, ಅವಳು ಒಬ್ಬಳೇ ಓಡಾಡೋಕೆ ಹೊರಟಾಗ ಅದು ಉಪಯೋಗ ಆಯ್ತು.

ಈಗ ನಾನು ಮುಖ್ಯವಾಗಿ ಹೇಳ್ಬೇಕು ಅಂದ್ಕೊಂಡಿರೋದು. ಮೂರು ದಿನ ನಾವು ಅಲ್ಲಿ ಸೀರೆ ಉಟ್ಕೊಂಡು, ಸ್ವೆಟರ್ ಹಾಕ್ಕೊಂಡು, ಯಾಟ್‌ನಿಂದ ಇಳಿದು ಹತ್ತಿ ಮಾಡಿದ್ವಿ, ಒಬ್ಬರೂ ತಿರುಗಿ ನೋಡ್ಲಿಲ್ಲ. ನಮ್ಮ ಪಕ್ಕ ಕಟ್ಟಿದ್ದು ಒಂದು ಹಳೇ ಮರದ ಹಾಯಿದೋಣಿ, ಅದರಲ್ಲಿ ವಯಸ್ಸಾದ ಗಂಡ ಹೆಂಡತಿ ಸ್ಟೋವ್ ಮೇಲೆ ಆಲೂಗಡ್ಡೆ ಬೇಯಿಸ್ತಾ ಇದ್ರು, ಆಚೆ ಪಕ್ಕ ನಮ್ಮದರ ಎರಡರಷ್ಟು ಉದ್ದದ ಯಾಟ್, ಮೂವರೂ ಬೆಳಗ್ಗೆ ಒಂದೇ ನಲ್ಲಿ ಹತ್ರ, ಒಂದೇ ಕಸದ ಡಬ್ಬಿ ಹತ್ರ ಸಿಗ್ತಾ ಇದ್ರು. ನಾನು ಗೈಡ್ ಹತ್ರ ಕೇಳಿದೆ, ಇಲ್ಲಿ ದುಡ್ಡಿರೋರು ಯಾರು ಇಲ್ಲದೋರು ಯಾರು ಅಂತ ಹೇಗೆ ಗೊತ್ತಾಗುತ್ತೆ ಅಂತ. ಅವರು ಹೇಳಿದ್ದು ಕೇಳಿ ನನಗೆ ಆಶ್ಚರ್ಯ ಆಯ್ತು, ಆ ದೇಶದಲ್ಲಿ ಯಾರ ಆದಾಯ ಎಷ್ಟು ಅಂತ ಯಾರು ಬೇಕಾದ್ರೂ ತೆರಿಗೆ ಆಫೀಸಿಗೆ ಫೋನ್ ಮಾಡಿ ಕೇಳಬಹುದಂತೆ. ಸರ್ಕಾರದ ಕಾಗದಪತ್ರ ಸಾರ್ವಜನಿಕ ಅನ್ನೋ ಕಾನೂನು 1766ರಿಂದ ಇದೆ. ಮುಚ್ಚಿಡೋಕೆ ಆಗಲ್ಲ ಅಂದಮೇಲೆ ತೋರಿಸಿಕೊಳ್ಳೋದೂ ಯಾಕೆ, ಅಂತ ಅವರ ಮಾತು. ಲಾಗೋಮ್ ಅಂತ ಒಂದು ಪದ ಇದೆ ಅವರಲ್ಲಿ, ಜಾಸ್ತೀನೂ ಅಲ್ಲ ಕಮ್ಮೀನೂ ಅಲ್ಲ. ಅತ್ತೆಗೆ ಅದನ್ನ ವಿವರಿಸೋಕೆ ನನಗೆ ಒಂದು ನಿಮಿಷಾನೂ ಬೇಕಾಗ್ಲಿಲ್ಲ, ‘ಹದ’ ಅಂದೆ, ಅತ್ತೆ ತಲೆ ಆಡಿಸಿದ್ರು.

ಮೈದುನಂಗೆ ಒಂದು ಚಿಂತೆ ಇತ್ತು, ಹಡಗು ತಾನು ಎಲ್ಲಿದೆ ಅಂತ ಬಿಡ್ತಾ ಇರೋ ಎಐಎಸ್ ಸಿಗ್ನಲ್ ಹಿಡ್ಕೊಂಡು ನಮ್ಮ ಯಾಟ್ ಎಲ್ಲಿದೆ ಅಂತ ಯಾರು ಬೇಕಾದ್ರೂ ಫೋನಲ್ಲೇ ನೋಡಬಹುದಲ್ಲ ಅಂತ. ಕ್ಯಾಪ್ಟನ್ ಹೇಳಿದ್ದು, ಅದು ಡಿಕ್ಕಿ ತಪ್ಪಿಸೋಕೆ ಇರೋದು, ಮಂಜಲ್ಲಿ ಅದನ್ನ ಆರಿಸೋ ಮಾತೇ ಇಲ್ಲ, ಹಡಗಿನ ಹೆಸರು ಕಾಣುತ್ತೆ ಆದ್ರೆ ಒಳಗಿರೋರ ಹೆಸರು ಯಾರಿಗೂ ಕಾಣಲ್ಲ. ಅದು ನನಗೂ ಸರಿ ಅನ್ನಿಸ್ತು.

ಬುಧವಾರ ಬೆಳಗ್ಗೆ ವಾಸಾ ಮ್ಯೂಸಿಯಂ, ವಾಸಾ ಅನ್ನೋ ಹಳೇ ಯುದ್ಧದ ಹಡಗನ್ನ ಇಟ್ಟಿರೋ ಜಾಗ. ಇದಕ್ಕೆ ಮೈದುನ ‘ಎಷ್ಟಾದ್ರೂ ಆಗ್ಲಿ, ನಮಗೆ ಮಾತ್ರ ತೆಗೆಸಿಕೊಡಿ’ ಅಂತ ಕೇಳಿದ್ರು. ಸರ್ವಿಸ್‌ನೋರು ಅದಕ್ಕೆ ದುಡ್ಡು ತಗೋಬಹುದಿತ್ತು, ತಗೊಳ್ಲಿಲ್ಲ, ‘ಬೇಸಿಗೇಲಿ ಎಂಟೂವರೆಗೆ ಬಾಗಿಲು ತೆಗೀತಾರೆ, ಎಂಟೂವರೆಗೆ ಬನ್ನಿ, ಕ್ರೂಸ್ ಹಡಗಿನ ಗುಂಪು ಬರೋದು ತಡ, ನಿಮಗೆ ಬೇಕಾಗಿರೋ ಶಾಂತಿ ಟಿಕೆಟ್ ದುಡ್ಡಲ್ಲೇ ಸಿಗುತ್ತೆ’ ಅಂದ್ರು. ಇಂಥ ಮಾತು ಹೇಳೋ ಸರ್ವಿಸ್ ಮೇಲೆ ನಂಬಿಕೆ ಬರುತ್ತೆ. ನಮ್ಮ ಯಾಟ್‌ನಿಂದ ಐದು ನಿಮಿಷ ನಡೆದ್ರೆ ಆಯ್ತು. ಒಳಗೆ ಕತ್ತಲು, ತಂಪು, ಎದುರಿಗೆ ಆ ಹಡಗು, ನಾನು ಹೇಗೆ ಹೇಳ್ಲಿ, ಒಂದು ಇಡೀ ತೇರು ನೀರೊಳಗೆ ಮುಳುಗಿ ಎದ್ದು ಬಂದು ನಿಂತಂಗೆ. 1628ರ ಆಗಸ್ಟ್ 10ನೇ ತಾರೀಕು ಮೊದಲನೇ ಸಲ ಹೊರಟ ದಿನವೇ, ಬಂದರು ದಾಟೋಕೆ ಮುಂಚೆ, ಗಾಳಿಗೆ ವಾಲಿ ಮುಳುಗಿ ಹೋಯ್ತು. 64 ಫಿರಂಗಿ, ಮೇಲ್ಗಡೆ ಭಾರ ಜಾಸ್ತಿ, ಕೆಳಗೆ ಅಗಲ ಸಾಲದು. ನಮ್ಮನೆಯವರಿಗೆ ತಕ್ಷಣ ಅರ್ಥ ಆಯ್ತು, ಹೊಟ್ಟು ಮೂಟೆ ಎತ್ತರಕ್ಕೆ ಹೇರಿದ ಲಾರಿ ಘಾಟಿ ತಿರುವಲ್ಲಿ ಮಗುಚೋದು ನೋಡಿದೀವಲ್ಲ. 333 ವರ್ಷ ನೀರಲ್ಲಿದ್ದು 1961ರಲ್ಲಿ ಮೇಲೆತ್ತಿದ್ರು. ಮರ ಯಾಕೆ ಕೊಳೀಲಿಲ್ಲ ಅಂದ್ರೆ ಆ ಸಮುದ್ರದ ನೀರಲ್ಲಿ ಉಪ್ಪು ಕಮ್ಮಿ, ಬೇರೆ ಸಮುದ್ರದಲ್ಲಿ ಮರ ಕೊರೆಯೋ ಹುಳ ಇರುತ್ತಲ್ಲ ಅದು ಅಲ್ಲಿ ಬದುಕಲ್ಲ. ಅತ್ತೆಗೆ ಅಂತ ಒಂದು ಮಡಚೋ ಕುರ್ಚಿ ಗೈಡ್ ಚೀಲದಲ್ಲೇ ತಂದಿದ್ರು, ಯಾವಾಗ ಬಿಡಿಸಿದ್ರೋ ನಾನು ನೋಡ್ಲಿಲ್ಲ, ತಿರುಗಿ ನೋಡೋದ್ರಲ್ಲಿ ಅತ್ತೆ ಹಡಗಿನ ಮೂತಿ ಎದುರಿಗೆ ಕೂತಿದ್ರು. ಮುಕ್ಕಾಲು ಗಂಟೆ ಕೂತಿದ್ರು, ಒಂದು ಮಾತಾಡದೆ.

ಅಲ್ಲಿಂದ ಕಾಫಿ. ಫೀಕಾ ಅಂತಾರೆ, ಕಾಫಿ ಜೊತೆ ಏನಾದ್ರೂ ತಿನ್ಕೊಂಡು ಕೂರೋದು. ಅವರ ಕಾಫಿ ನಮ್ಮ ಫಿಲ್ಟರ್ ಕಾಫಿ ಅಲ್ಲ, ತೆಳು, ಹುರಿದಿದ್ದೂ ಕಮ್ಮಿ, ಹಾಲು ಹಾಕದೆ ದೊಡ್ಡ ಲೋಟದಲ್ಲಿ. ನನಗೆ ಹಿಡಿಸ್ಲಿಲ್ಲ, ನಮ್ಮನೆಯವರಿಗೆ ತುಂಬಾ ಹಿಡಿಸ್ತು, ಬೀಜದ ರುಚಿ ಅದರಲ್ಲೇ ಗೊತ್ತಾಗೋದು ಅಂತ. ಆದ್ರೆ ಏಲಕ್ಕಿ ಬನ್ನು! ಕಾರ್ಡೆಮುಮ್ಮಾಬುಲ್ಲೆ ಅಂತ ಹೆಸರು, ಹಿಟ್ಟನ್ನ ಹಗ್ಗದ ಥರ ಹೆಣೆದು ಗಂಟು ಹಾಕಿ ಸುಟ್ಟಿರ್ತಾರೆ, ಏಲಕ್ಕಿ ನುಣ್ಣಗೆ ಪುಡಿ ಮಾಡಿರಲ್ಲ, ತರಿ ತರಿ, ಹಲ್ಲಿಗೆ ಸಿಗುತ್ತೆ. ಇಷ್ಟು ದೂರ ಬಂದು ಏಲಕ್ಕಿ ಘಮ ಬೀದಿ ತಿರುವಲ್ಲೇ ಮೂಗಿಗೆ ಹೊಡೆದಾಗ ಅತ್ತೆ ನಿಂತೇ ಬಿಟ್ರು. ಅತ್ತೆ ಮದುವೆ ಆಗಿ ಬಂದಾಗ ನಮ್ಮ ತೋಟದ ಹಳ್ಳದ ಪಕ್ಕ ಪೂರ್ತಿ ಏಲಕ್ಕಿ ಇತ್ತಂತೆ, ಕಟ್ಟೆ ರೋಗ ಬಂದು ಹೋಯ್ತು. ಈಗ ಪ್ರಪಂಚದಲ್ಲಿ ಏಲಕ್ಕಿ ಜಾಸ್ತಿ ರಫ್ತು ಮಾಡೋದು ಗ್ವಾಟೆಮಾಲಾ. ಆ ಬನ್ನಲ್ಲಿ ಇದ್ದದ್ದು ಎಲ್ಲೀದು ಅಂತ ಕೇಳೋಕೆ ಮನಸ್ಸಾಗ್ಲಿಲ್ಲ, ಅತ್ತೆ ಎರಡು ತಿಂದ್ರು.

ಗುರುವಾರದ ಪ್ಲಾನ್ ನಮಗೆ ಹೇಳಿರ್ಲಿಲ್ಲ, ‘ನೀವು ಕಾಫಿ ಬೆಳೆಗಾರರು ಅಂತ ಗೊತ್ತಾಯ್ತು, ಒಂದು ಕಡೆ ಕರ್ಕೊಂಡು ಹೋಗ್ತೀವಿ, ಇಷ್ಟ ಇಲ್ಲ ಅಂದ್ರೆ ವಾಪಸ್ ಬಂದ್ಬಿಡೋಣ’ ಅಂದ್ರು ಅಷ್ಟೇ. ಕಾರಲ್ಲಿ ಒಂದು ಗಂಟೆ, ಉಪ್ಸಾಲಾ ಅನ್ನೋ ಊರು. ಅಲ್ಲೊಂದು ತೋಟ, ಗಿಡಗಳನ್ನ ಸಾಲು ಸಾಲಾಗಿ ಪಾತಿ ಮಾಡಿ ನೆಟ್ಟಿದಾರೆ, ಮೂಲೇಲಿ ಒಂದು ಹಳದಿ ಮನೆ. ಅದು ಕಾರ್ಲ್ ಲಿನೇಯಸ್ ಇದ್ದ ಮನೆ. ಗಿಡಕ್ಕೆ ಎರಡು ಪದದ ಹೆಸರು ಕೊಡೋ ಪದ್ಧತೀನ ಜಾರಿಗೆ ತಂದೋರು ಅವರು, 1753ರಲ್ಲಿ ನಮ್ಮ ಕಾಫಿ ಗಿಡಕ್ಕೆ ಕಾಫಿಯಾ ಅರೇಬಿಕಾ ಅಂತ ಹೆಸರಿಟ್ಟಿದ್ದೂ ಅವರೇ, ಕಾಳುಮೆಣಸಿಗೆ ಪೈಪರ್ ನೈಗ್ರಮ್ ಅಂತ ಇಟ್ಟಿದ್ದೂ ಅವರೇ. ನಮ್ಮನೆಯವರು ಒಂದು ನಿಮಿಷ ಮಾತಾಡ್ಲಿಲ್ಲ. ಕ್ಯೂರಿಂಗ್ ವರ್ಕ್ಸ್ ರಸೀದಿ ಮೇಲೆ, ಬ್ಯಾಂಕಿನ ಕ್ರಾಪ್ ಲೋನ್ ಪೇಪರ್ ಮೇಲೆ, ಮೂಟೆ ಮೇಲೆ, ಹುಟ್ಟಿದಾಗಿಂದ ಅರೇಬಿಕಾ ಅರೇಬಿಕಾ ಅಂತ ಬರ್ಕೊಂಡು ಬಂದಿದೀವಿ, ಆ ಪದ ಬರೆದ ಮನುಷ್ಯ ನಡೆದಾಡಿದ ಪಾತಿ ಇದು. ಗಿಡದ ಮೂಲ ಇಥಿಯೋಪಿಯಾ, ಆದ್ರೆ ಅರಬ್ಬರ ಕಡೆಯಿಂದ ಯೂರೋಪಿಗೆ ಬಂದಿದ್ದಕ್ಕೆ ಆ ಹೆಸರು ಬಿತ್ತು, ನಮ್ಮ ಗಿರಿಗೂ ಬಾಬಾ ಬುಡನ್ ತಂದಿದ್ದು ಯೆಮನ್ ಕಡೆಯಿಂದ ಅಂತಾನೇ ಅಲ್ವಾ ನಾವು ಕೇಳಿರೋದು. ಇನ್ನೊಂದು, ಅದೇ ದೇಶದಲ್ಲಿ 1756ರಲ್ಲಿ ಕಾಫಿ ಕುಡಿಯೋದನ್ನೇ ನಿಷೇಧ ಮಾಡಿದ್ರು, ಆಮೇಲೂ ಬಿಟ್ಟು ಬಿಟ್ಟು ನಿಷೇಧ ತಂದ್ರು, ಜನ ಬಿಡ್ಲಿಲ್ಲ. ಅರಮನೆ, ಹೆಲಿಕಾಪ್ಟರ್, ಯಾವುದು ತೋರಿಸಿದ್ರೂ ನಮ್ಮನೆಯವರ ಕಣ್ಣಲ್ಲಿ ಆ ಹೊಳಪು ಬರ್ತಾ ಇರ್ಲಿಲ್ಲ. ಯಾರೋ ಕೂತು ಯೋಚನೆ ಮಾಡಿದಾರೆ ಈ ಮನೆಯೋರಿಗೆ ಏನು ತೋರಿಸ್ಬೇಕು ಅಂತ. ದುಡ್ಡು ಕೊಟ್ಟಿದ್ದು ಸಾರ್ಥಕ ಆಗಿದ್ದು ಅಲ್ಲಿ.

ಅದೇ ದಿನ ತಪ್ಪೂ ಆಯ್ತು. ಮಧ್ಯಾಹ್ನ ಊಟಕ್ಕೆ ಒಂದು ಹಳೇ ಊಟದ ಮನೆ, ಗುರುವಾರ ಅಲ್ಲಿ ಹಳದಿ ಬಟಾಣಿ ಸಾರು ಮಾಡ್ತಾರೆ, ಶತಮಾನಗಳ ರೂಢಿ, ನಮ್ಮ ಬೇಳೆ ಕಟ್ಟಿನ ಥರ ಕಾಣುತ್ತೆ, ಮೇಲೆ ಸಾಸಿವೆ. ಅತ್ತೆ ಸಂತೋಷದಿಂದ ಚಮಚ ಹಾಕಿದ್ರು, ತಳದಲ್ಲಿ ಹಂದಿ ಮಾಂಸದ ಚೂರು. ಗುರುವಾರ. ಬರೆದು ಕೊಟ್ಟಿದ್ವಿ. ಬಟಾಣಿ ಸಾರು ಅಂದ್ರೆ ಅವರ ಮನಸ್ಸಲ್ಲಿ ಅದು ಕಾಳಿನ ಸಾರು, ಅದರಲ್ಲಿ ಮಾಂಸ ಇರೋದು ಅವರಿಗೆ ಲೆಕ್ಕಕ್ಕೇ ಬಂದಿಲ್ಲ. ಸಾರು ಆದಮೇಲೆ ತೆಳ್ಳನೆ ಪ್ಯಾನ್‌ಕೇಕ್ ಕೊಡೋದು ರೂಢಿ, ನೋಡೋಕೆ ತೆಳ್ಳೇವು, ಆದ್ರೆ ಅದಕ್ಕೆ ಮೊಟ್ಟೆ. ಅತ್ತೆ ಮುಖ ಚಿಕ್ಕದಾಯ್ತು, ನನಗೆ ಸಿಟ್ಟು ಬಂತು. ಗೈಡ್ ಮುಖ ಬಿಳಚಿಕೊಂಡ್ರೂ ಜೋರಾಗಿ ಕ್ಷಮೆ ಕೇಳಿ ಎಲ್ಲರೂ ತಿರುಗಿ ನೋಡೋ ಹಾಗೆ ಮಾಡ್ಲಿಲ್ಲ, ಎದ್ದು ಅಡುಗೆ ಮನೆಗೆ ಹೋಗಿ ಬೇಯಿಸಿದ ಹೊಸ ಆಲೂಗಡ್ಡೆ, ಬೆಣ್ಣೆ, ಸಬ್ಬಸಿಗೆ ಸೊಪ್ಪು, ಗರಿ ಗರಿ ರೈ ರೊಟ್ಟಿ ತಂದ್ರು, ಅತ್ತೆ ಹತ್ರ ಬಗ್ಗಿ ಮೆಲ್ಲಗೆ ‘ನನ್ನ ತಪ್ಪು’ ಅಂದ್ರು. ಅತ್ತೆ ಸ್ನಾನ ಮಾಡ್ಬೇಕು ಅಂದ್ರು, ಯಾಟ್‌ಗೆ ವಾಪಸ್ ಬಂದ್ವಿ, ಸಂಜೆ ಕಾರ್ಯಕ್ರಮ ಬಿಟ್ವಿ. ಬಿಲ್ಲಲ್ಲಿ ಆ ಇಡೀ ದಿನದ ಅವರ ಫೀ ಹಾಕಿರ್ಲಿಲ್ಲ, ನಾವು ಕೇಳಿರ್ಲಿಲ್ಲ. ಇದರಿಂದ ನಾನು ಬೇರೆಯೋರಿಗೆ ಹೇಳೋದು ಒಂದೇ, ‘ವೆಜಿಟೇರಿಯನ್’ ಅಂತ ಬರೀಬೇಡಿ, ಮಾಂಸದ ಕಟ್ಟು ಬೇಡ, ಮೀನಿನ ಕಟ್ಟು ಬೇಡ, ಮೊಟ್ಟೆ ಬೇಡ, ಹಂದಿ ಕೊಬ್ಬು ಬೇಡ ಅಂತ ಒಂದೊಂದೇ ಬಿಡಿಸಿ ಬರೀರಿ.

ಶುಕ್ರವಾರ ಊರು ಬಿಟ್ಟು ಮತ್ತೆ ದ್ವೀಪಗಳ ಕಡೆ. ಸಾಂಡ್‌ಹಾಮ್ನ್ ಅಂತ ಹೊರಗಿನ ಅಂಚಲ್ಲಿ ಒಂದು ಊರಿದೆ, 1830ರಲ್ಲಿ ಶುರುವಾದ ರಾಯಲ್ ಸ್ವೀಡಿಷ್ ಯಾಟ್ ಕ್ಲಬ್‌ನೋರ ನೆಲೆ, ಅಲ್ಲಿ ಬಿಳೀ ಪ್ಯಾಂಟು ನೀಲಿ ಕೋಟಿನ ಜನ ಜಾಸ್ತಿ, ಒಂದು ಸುತ್ತು ಹಾಕಿ ಹೊರಟ್ವಿ. ನಿಂತಿದ್ದು ಹೆಸರೇ ಇಲ್ಲದಂಥ ಒಂದು ಸಣ್ಣ ದ್ವೀಪದ ಮಗ್ಗುಲಲ್ಲಿ. ಅಲ್ಲಿ ಅಲೆಮಾನ್ಸ್‌ರೆಟ್ಟೆನ್ ಅಂತ ಒಂದು ಹಕ್ಕಿದೆ, ಯಾರದೇ ಜಮೀನಿರಲಿ, ಮನೆಯ ಹತ್ರ ಹೋಗದೆ, ಬೆಳೆ ತುಳೀದೆ, ಯಾರು ಬೇಕಾದ್ರೂ ನಡೀಬಹುದು, ಒಂದೆರಡು ರಾತ್ರಿ ದೋಣಿ ಕಟ್ಟಬಹುದು, ಕಾಡು ಹಣ್ಣು ಅಣಬೆ ಕಿತ್ಕೋಬಹುದು. ನೀರಿನ ಅಂಚಿಂದ ನೂರು ಮೀಟರ್ ತನಕ ಹೊಸದಾಗಿ ಮನೆ ಕಟ್ಟೋಕೂ ಸುಲಭಕ್ಕೆ ಬಿಡಲ್ಲ. ಹಕ್ಕಿ ಮರಿ ಮಾಡೋ ದ್ವೀಪಗಳಿಗೆ ಆ ತಿಂಗಳುಗಳಲ್ಲಿ ಕಾಲಿಡೋ ಹಾಗಿಲ್ಲ, 2015ರಿಂದ ದೋಣಿಯ ಕಕ್ಕಸಿನ ನೀರು ಸಮುದ್ರಕ್ಕೆ ಬಿಡೋ ಹಾಗೂ ಇಲ್ಲ, ಟ್ಯಾಂಕಲ್ಲಿ ಹಿಡಿದು ದಡದಲ್ಲೇ ಖಾಲಿ ಮಾಡ್ಬೇಕು, ಕೋಟಿ ಕೊಟ್ಟು ಬಂದೋರಿಗೂ ಅದೇ. ನಮ್ಮ ಕಡೆ ಹಳ್ಳದ ದಂಡೆ ತನಕ ಬೇಲಿ ಹಾಕಿ ‘ಪ್ರೈವೇಟ್ ಫಾಲ್ಸ್’ ಅಂತ ರೂಮು ಮಾರೋದನ್ನ ನೋಡಿ ನೋಡಿ ನನ್ನ ಮನಸ್ಸಿಗೆ ಇದು ಬಹಳ ನಾಟ್ತು. ಅತ್ತೆ ಬರಿಗಾಲಲ್ಲಿ ಬಂಡೆ ಮೇಲೆ ಇಳಿದ್ರು, ಬಿಸಿಲಿಗೆ ಬೆಚ್ಚಗಾಗಿತ್ತು, ಪೈನ್ ಮರದ ಬುಡದಲ್ಲಿ ಬ್ಲೂಬೆರಿ, ಮಡಿಲಲ್ಲಿ ತುಂಬಿಕೊಂಡು ಬಂದ್ರು, ಬೆರಳೆಲ್ಲ ನೇರಳೆ ಹಣ್ಣು ತಿಂದಂಗೆ ಬಣ್ಣ.

ಪಕ್ಕದ ದ್ವೀಪದಲ್ಲಿ ಕಟ್ಟಿಗೆ ಒಲೆಯ ಸೌನಾ, ಅಂದ್ರೆ ಬಿಸಿ ಮಾಡಿದ ಕೋಣೇಲಿ ಕೂತು ಬೆವರೋ ಜಾಗ, ಒಂದನ್ನ ಮಾತಾಡಿ ಇಟ್ಟಿದ್ರು. ಮಕ್ಕಳು ಬೆವರಿ ಓಡಿ ಹೋಗಿ ತಣ್ಣೀರಿಗೆ ಬಿದ್ರು. ಅತ್ತೆ ಕೆಳಗಿನ ಮೆಟ್ಟಿಲಲ್ಲಿ ಹತ್ತು ನಿಮಿಷ ಕೂತು, ‘ಮಳೆಗಾಲದಲ್ಲಿ ಬಚ್ಚಲ ಒಲೆ ಮುಂದೆ ಕೂತಂಗೇ ಇದೆ ಕಣೇ, ಹಂಡೆ ಒಂದಿಲ್ಲ’ ಅಂದ್ರು.

ರಾತ್ರಿ ಊಟಕ್ಕೆ ಕ್ರೇಫಿಶ್, ದೊಡ್ಡ ಸಿಗಡಿ ಥರ ಇರುತ್ತೆ, ಆಗಸ್ಟ್ ಬಂತು ಅಂದ್ರೆ ಅವರಿಗೆ ಅದೇ ಹಬ್ಬ. ಹೂ ಬಿಟ್ಟ ಸಬ್ಬಸಿಗೆ ದಂಟು ಹಾಕಿ ಉಪ್ಪು ನೀರಲ್ಲಿ ಬೇಯಿಸಿ ಅದೇ ನೀರಲ್ಲಿ ಆರಿಸಿ ತಣ್ಣಗೇ ತಿನ್ನೋದು. ಕೈಯಲ್ಲೇ ಮುರಿದು ಹೀರಬೇಕು, ಸದ್ದು ಮಾಡಿದ್ರೆ ಯಾರೂ ಏನೂ ಅಂದ್ಕೊಳ್ಳಲ್ಲ. ನಮಗೆ ಹೇಳಿಕೊಡ್ಬೇಕಾ, ಈ ಮಳೇಲಿ ಗದ್ದೆ ಏಡಿ ಹಿಡಿದು ಸಾರು ಮಾಡೋ ಜನ ನಾವು. ಅತ್ತೆ ಮುರಿಯೋ ಚುರುಕು ನೋಡಿ ಕ್ಯಾಪ್ಟನ್ ತಾನೂ ಹಾಗೇ ಮುರಿಯೋಕೆ ಕಲ್ತರು. ಆ ಹಬ್ಬಕ್ಕೆ ತಲೆಗೆ ಕಾಗದದ ಟೋಪಿ, ಜೋರಾಗಿ ಹಾಡು ಎಲ್ಲ ಇರುತ್ತೆ, ನಮ್ಮ ಟೇಬಲ್ ಮೇಲೆ ಒಂದೇ ಒಂದು ಕಾಗದದ ಲಾಟೀನು ತೂಗಾಕಿದ್ರು, ಟೋಪಿ ಇಲ್ಲ, ಹಾಡಿಲ್ಲ. ಅವತ್ತೇ ಅತ್ತೆ ಹುಟ್ಟಿದ ದಿನ. ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಡ್ಲಿಲ್ಲ. ಒಂಬತ್ತು ಗಂಟೆಗೂ ಬೆಳಕಿತ್ತು. ಊಟ ಆದಮೇಲೆ ಅತ್ತೆ ತಾವಾಗೇ ‘ನಂಗೆ ಇವತ್ತು 75 ಆಯ್ತು’ ಅಂತ ಗೈಡ್‌ಗೆ ಹೇಳು ಅಂದ್ರು, ನಾನು ಹೇಳ್ದೆ, ಆಕೆ ಅತ್ತೆಯ ಕೈ ಹಿಡ್ಕೊಂಡು ಹಾಗೇ ಸ್ವಲ್ಪ ಹೊತ್ತು ಕೂತ್ರು.

ಶನಿವಾರ ಯಾಟ್ ಬಿಟ್ಟು ಒಂದು ರಾತ್ರಿ ಎಟ್ ಹೆಮ್ ಅನ್ನೋ ಕಡೆ ಇದ್ವಿ, ಹೆಸರಿನ ಅರ್ಥವೇ ‘ಒಂದು ಮನೆ’, 1910ರ ಇಟ್ಟಿಗೆ ಮನೆಯನ್ನ 2012ರಲ್ಲಿ ಹೋಟೆಲ್ ಮಾಡಿದ್ದು. ಹೋಂಸ್ಟೇ ನಡೆಸೋರು ಒಂದು ಸಲ ನೋಡ್ಬೇಕಾದ ಜಾಗ ಅದು, ಮನೆಗೆ ಬಂದಂಗೆ ಬಾಗಿಲು ತೆಗೀತಾರೆ, ಅಡುಗೆ ಮನೆ ಟೇಬಲ್ಲಲ್ಲೇ ಕೂರಬಹುದು, ಅಡುಗೆಯೋರು ಎದುರಿಗೇ ಮಾಡ್ತಾರೆ. ಬಹಳ ದುಬಾರಿ, ಅದು ಸುಳ್ಳು ಹೇಳಲ್ಲ. ಸ್ಟ್ರಾಂಡ್‌ವೇಗೆನ್ ಬೀದೀಲಿ ಸ್ವೆನ್ಸ್ಕ್ಟ್ ಟೆನ್ ಅಂತ 1924ರಲ್ಲಿ ಶುರುವಾದ ಅಂಗಡಿ, ಅದರಲ್ಲಿ ಆನೆ ಚಿತ್ರದ ಬಟ್ಟೆ ಅವರ ಹಳೇ ಡಿಸೈನು, ಓರಗಿತ್ತಿ ಕುಷನ್ ತಗೊಂಡ್ರು. ನಾನು ತಗೊಳ್ಲಿಲ್ಲ, ಆನೆ ಅಂದ್ರೆ ನಮಗೆ ಈಗ ರಾತ್ರಿ ನಿದ್ದೆ ಕೆಡೋ ವಿಷ್ಯ. ಅಂಗಡೀಲಿ ಯಾರೂ ಹಿಂದೆ ಬರ್ಲಿಲ್ಲ.

ಖರ್ಚಿನ ವಿಷಯ ಕೇಳ್ತಾರೆ, ಹಾಗಾಗಿ ಹೇಳ್ತೀನಿ. ಯಾಟ್ ಬಾಡಿಗೆ ಬೇರೆ, ಅದರ ಮೇಲೆ ಡೀಸೆಲ್, ಊಟ, ಬಂದರಿನ ಬಾಡಿಗೆಗೆ ಅಂತ ಮುಂಗಡ ಕಟ್ಟಿಸಿಕೊಳ್ತಾರೆ, ಸಾಮಾನ್ಯವಾಗಿ ಬಾಡಿಗೆಯ ಕಾಲು ಭಾಗದಿಂದ ಮೂರನೇ ಒಂದು ಭಾಗದ ತನಕ, ಉಳಿದಿದ್ದು ಕೊನೇಲಿ ಲೆಕ್ಕ ಕೊಟ್ಟು ವಾಪಸ್. ದಡದ ಸರ್ವಿಸ್‌ಗೆ ದಿನಕ್ಕಿಷ್ಟು ಅಂತ ಫೀ, ಕಾರು ಗಂಟೆ ಲೆಕ್ಕ. ಸ್ವೀಡನ್‌ನಲ್ಲಿ ಮಾಮೂಲಿ ವ್ಯಾಟ್ 25 ಪರ್ಸೆಂಟ್, ಕೊಟೇಶನ್ ತಗೊಳ್ಳುವಾಗ ಅದು ಸೇರಿದೆಯಾ ಅಂತ ಕೇಳಿ, ನಾವು ಮೊದಲನೇ ಕೊಟೇಶನ್‌ನಲ್ಲಿ ಅದನ್ನ ನೋಡೇ ಇರ್ಲಿಲ್ಲ. ನೋಟು ತಗೊಂಡು ಹೋಗ್ಬೇಡಿ, ಎಲ್ಲ ಕಾರ್ಡೇ. ವೈನು ಬೇಕು ಅನ್ನೋರು ಸರ್ಕಾರಿ ಅಂಗಡೀಲಿ ಶನಿವಾರ ಮಧ್ಯಾಹ್ನದೊಳಗೆ ತಗೋಬೇಕು, ಭಾನುವಾರ ಬಾಗಿಲು. ಯೂರೋಪಿನ ಹಲವು ದೇಶಕ್ಕೆ ಒಂದೇ ಆಗೋ ಷೆಂಗೆನ್ ವೀಸಾ ಬೆಂಗಳೂರಲ್ಲೇ ಆಗುತ್ತೆ, ದೊಡ್ಡೋರಿಗೆ 90 ಯೂರೊ ಮತ್ತೆ ಸೆಂಟರ್ ಫೀ, ನಾವು ಮೊದಲು ಇಳಿಯೋದು ಹೆಲ್ಸಿಂಕಿ ಆದ್ರೂ ಜಾಸ್ತಿ ದಿನ ಇರೋದು ಸ್ವೀಡನ್ ಅಂತ ಸ್ವೀಡನ್‌ಗೇ ಹಾಕಿದ್ವಿ.

ಯಾರಿಗೆ ಆಗಲ್ಲ ಅಂದ್ರೆ, ರಾತ್ರಿ ಗಲಾಟೆ ಪಾರ್ಟಿ, ಕೆಂಪು ಹಾಸು, ಬಾಗಿಲಲ್ಲಿ ಹಾರ ಬೇಕು ಅನ್ನೋರಿಗೆ ಈ ಊರೂ ಆಗಲ್ಲ, ಈ ಸರ್ವಿಸೂ ಆಗಲ್ಲ. ವಯಸ್ಸಾದೋರನ್ನ ಕರ್ಕೊಂಡು ಹೋಗೋರಿಗೆ, ಮನೇಲಿ ಸಾವಾಗಿ ಸ್ವಲ್ಪ ದಿನ ಯಾರ ಮುಖಾನೂ ನೋಡೋದು ಬೇಡ ಅನ್ನೋರಿಗೆ, ಕೆಲಸದಲ್ಲಿ ದಿನಾ ನೂರು ಜನರ ಕಣ್ಣಿಗೆ ಬೀಳೋರಿಗೆ, ಇದಕ್ಕಿಂತ ಒಳ್ಳೇದು ನಾನು ನೋಡಿಲ್ಲ. ನಾನು ಬಂದ ವಾರವೇ ನಮ್ಮ ಹೋಂಸ್ಟೇ ಬುಕಿಂಗ್ ಫಾರಂನಲ್ಲಿ ‘ನಿಮಗೆ ಏನೇನು ಬೇಡ’ ಅಂತ ಒಂದು ಸಾಲು ಸೇರಿಸಿದೆ. ಬೆಂಗಳೂರಿಂದ ಬಂದ ಮೊದಲನೇ ಫ್ಯಾಮಿಲಿ ಬರೆದಿದ್ದು, ‘ಎಸ್ಟೇಟ್ ವಾಕ್ ಬೇಡ, ಕ್ಯಾಂಪ್‌ಫೈರ್ ಬೇಡ, ಮಗು ಮಲಗಿದಾಗ ಯಾರೂ ಬಾಗಿಲು ತಟ್ಟೋದು ಬೇಡ.’ ಐದು ವರ್ಷದಿಂದ ನಾನು ಬಂದೋರಿಗೆಲ್ಲ ಕ್ಯಾಂಪ್‌ಫೈರ್ ಹಾಕಿಸ್ತಾ ಇದ್ದೆ.

ಹೋಗೋದಾದ್ರೆ ಜುಲೈ ಬೇಡ, ಅಲ್ಲಿನೋರೇ ಎಲ್ಲ ರಜೆ ಹಾಕಿ ದ್ವೀಪಗಳಿಗೆ ಬಂದಿರ್ತಾರೆ. ಆಗಸ್ಟ್ ಮೊದಲೆರಡು ವಾರ ಒಳ್ಳೇದು, ಹಣ್ಣೂ ಇರುತ್ತೆ, ಕ್ರೇಫಿಶೂ ಇರುತ್ತೆ. ಬಿಸಿಲಿದ್ರೂ ಸಂಜೆ ನೀರ ಮೇಲೆ ಗಾಳಿ ಚಳಿ, ಅತ್ತೆಗೆ ಅಂತ ಎರಡು ಶಾಲು ಇಟ್ಕೊಂಡಿದ್ದೆ, ಸಾಕಾಗ್ಲಿಲ್ಲ, ಮೂರು ತಗೊಂಡು ಹೋಗಿ.